ಹೆಡೆ ಬಿಚ್ಚಲಿ ಎಂಬ ಆಸೆ

ನಾನು ಮದುವೆ ವಿಡಿಯೊ ಮಾಡಿ ಬದುಕುವವ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮದುವೆ ಹಾಲ್‌ಗಳಿಗೆ ಹೋಗುವವರಲ್ಲಿ ಕೆಲವರಿಗಾದರೂ ನನ್ನ ಕೂಗಿನ ಗುರುತಿದ್ದೀತು: "ಹ್ವಾಯ್, ಇತ್ಲಾಗ್ ಕಾಣಿ!" ಧಾರೆ ಎರೆದು ಮುಗಿದ ಮೇಲೂ "ಸಮ ಬರ್ಲಿಲ್ಲ, ಇನ್ನೊಂದ್ ಸಲ" ಎಂದು ಹೇಳಿ ಪುರೋಹಿತರಿಂದ ಬೈಸಿಕೊಳ್ಳುವವರು ನಾವು. ಎದುರಿಗಿರುವವರು ನನ್ನ ಕಡೆ ತಿರುಗಬೇಕು, ನಾನು ಹೇಳಿದಾಗ ನಗಬೇಕು. ಹೊಟ್ಟೆಪಾಡು ಕಲಿಸಿದ ಚಾಳಿ ಇದು. ಆಸಾಡಿ ಬಂತೆಂದರೆ ಮದುವೆಗಳಿಲ್ಲ. ಆ ಬಿಡುವಿನಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಹಾವು, ಉಡ, ಓತಿಕ್ಯಾತಗಳ ಬೆನ್ನು ಹತ್ತುವುದು ನನ್ನ ಹುಚ್ಚು. ಯಾರಾದರೂ ಯಾಕೆಂದು ಕೇಳಿದರೆ ‘ಪರಿಸರ ಜಾಗೃತಿ’ ಎನ್ನುತ್ತೇನೆ. ಉತ್ತರ ಚೆನ್ನಾಗಿದೆ, ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ನನಗೆ ಮಾತ್ರ ಈಚೆಗೆ ಆ ಉತ್ತರದಿಂದ ಸುಮ್ಮನಾಗಲು ಆಗುತ್ತಿಲ್ಲ.

ನಮ್ಮ ಕಡೆ ಸರೀಸೃಪಗಳನ್ನು ಕಾಣಲು ದಟ್ಟ ಕಾಡಿಗೇ ಹೋಗಬೇಕೆಂದಿಲ್ಲ. ಮುರಕಲ್ಲಿನ ಪಾಗಾರದ ಸಂದಿಯಲ್ಲಿ ಹಾವುರಾಣಿ ಇದೆ, ಬೈಲಿನ ತೋಡಿನಲ್ಲಿ ನೀರೊಳ್ಳೆ ಇದೆ, ಹುಲ್ಲು ಕುತ್ರಿಯ ಬುಡದಲ್ಲಿ ಇಲಿ ಹುಡುಕುವ ಕೇರೆ ಇದೆ. ತೇಜಸ್ವಿಯವರ ‘ಕರ್ವಾಲೊ’ ಓದಿದವರೆಲ್ಲ ಹಾರುವ ಓತಿ ಎಂದರೆ ಯಾವುದೋ ದುರ್ಗಮ ಕಾಡಿನ ಪ್ರಾಣಿ ಎಂದುಕೊಂಡಿರುತ್ತಾರೆ. ಅದು ನಮ್ಮ ಅಡಿಕೆ ತೋಟದ ಮರಕ್ಕೆ ತೊಗಟೆಯ ಬಣ್ಣದಲ್ಲಿ ಅಂಟಿಕೊಂಡಿರುತ್ತದೆ. ಗಂಡು ಓತಿ ಗಂಟಲಿನ ಹಳದಿ ಚೀಲವನ್ನು ಚಾಚಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಪೂರ್ವಕ್ಕೆ ಕೊಲ್ಲೂರಿನತ್ತ ಹೋದರೆ 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ಅಭಯಾರಣ್ಯ. ಅಲ್ಲಿ ಹಳ್ಳದ ಬದಿಯ ಕೊಂಬೆಗಳಲ್ಲಿ ಮಲಬಾರ್ ಗುಳಿಮಂಡಲ, ಅದರಾಚೆ ಕಾಳಿಂಗದ ರಾಜ್ಯ. ಪಶ್ಚಿಮಕ್ಕೆ ಗಂಗೊಳ್ಳಿ, ಕೋಡಿ, ಮರವಂತೆ: ಬಲೆಗೆ ಸಿಕ್ಕಿ ಬರುವ ಕಡಲ ಹಾವು, ಮೊಟ್ಟೆಯಿಡಲು ಮರಳಿಗೆ ಬರುವ ಕಡಲಾಮೆ. ಘಟ್ಟದ ಬುಡದಿಂದ ಕಡಲಿನವರೆಗೆ ಬೈಕಿನಲ್ಲಿ ಒಂದು ಬೆಳಗಿನ ದಾರಿ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬಗೆ ಇರುವ ನೆಲ ಲೋಕದಲ್ಲಿ ಕಡಿಮೆ.

ಈ ಸಿರಿಯೇ ನನ್ನನ್ನು ಕೆಡಿಸಿದೆಯೇನೋ ಎಂಬ ಸಂಶಯ ಹುಟ್ಟಿದ್ದು ಬ್ರಿಟನ್ನಿನ ಸರೀಸೃಪ ಹವ್ಯಾಸಿಗಳ ಬಗ್ಗೆ ಓದುವಾಗ. ಅಲ್ಲಿನ ನೆಲಕ್ಕೆ ಸೇರಿದ ಸರೀಸೃಪಗಳು ಆರೇ ಆರು. ಮೂರು ಹಾವು, ಮೂರು ಹಲ್ಲಿ. ಹಲ್ಲಿಗಳಲ್ಲಿ ಒಂದಕ್ಕೆ ಕಾಲೇ ಇಲ್ಲ. ಹಾವುಗಳಲ್ಲಿ ವಿಷ ಇರುವುದು ಆಡರ್ ಎಂಬ ಒಂದಕ್ಕೆ ಮಾತ್ರ. ಚಳಿಗಾಲವಿಡೀ ನೆಲದಡಿ ಮಲಗಿದ್ದ ಆಡರ್ ವಸಂತದ ಎಳೆಬಿಸಿಲಿಗೆ ಮೈಯೊಡ್ಡಲು ಹೊರಬಂದಾಗ ಇವರು ದೂರದಲ್ಲಿ ಕಾದು ಕುಳಿತಿರುತ್ತಾರೆ. ಹುಲ್ಲಿನ ಮೇಲೆ ತಗಡಿನ ಶೀಟು ಹಾಸಿಟ್ಟು, ಬಿಸಿಲಿಗೆ ಕಾದ ತಗಡಿನಡಿ ಯಾರು ಬಂದು ಮಲಗಿದ್ದಾರೆಂದು ಆಗಾಗ ನೋಡಿ ಬರೆದಿಡುವುದೂ ಅಲ್ಲಿನ ರೂಢಿ. ಒಂದು ಆಡರ್‌ನಿಂದ ಇನ್ನೊಂದನ್ನು ತಲೆಯ ಮೇಲಿನ ಗುರುತಿನಿಂದಲೇ ಬೇರೆ ಮಾಡಿ ಹೇಳಬಲ್ಲವರಿದ್ದಾರೆ. ಸ್ಮೂತ್ ಸ್ನೇಕ್, ಸ್ಯಾಂಡ್ ಲಿಜಾರ್ಡ್ ಎಂಬ ಎರಡಕ್ಕಂತೂ ಕಾನೂನಿನ ಕಾವಲು ಎಷ್ಟು ಬಿಗಿ ಎಂದರೆ, ಅವುಗಳನ್ನು ಕದಲಿಸುವಂಥ ಯಾವ ಕೆಲಸಕ್ಕೂ ಲೈಸೆನ್ಸ್ ಬೇಕು.

ಆರೇ ಇರುವವರಿಗೆ ಒಂದೊಂದನ್ನೂ ಮತ್ತೆ ಮತ್ತೆ ನೋಡುವ ತಾಳ್ಮೆ ಬಂದಿದೆ. ಭಾರತದಲ್ಲಿ ಹಾವುಗಳೇ ಮುನ್ನೂರು ಬಗೆಗೂ ಮೀರಿ ಇವೆ. ಹಾಗಾಗಿ ನನಗೆ ಯಾವಾಗಲೂ ಮುಂದಿನದು ಬೇಕು. ಒಮ್ಮೆ ಚೆನ್ನಾಗಿ ಸಿಕ್ಕ ಹಸಿರು ಹಾವು ಮತ್ತೆ ಎದುರಾದರೆ ಕ್ಯಾಮೆರಾ ಬ್ಯಾಗಿನಿಂದ ಹೊರಗೇ ಬರುವುದಿಲ್ಲ. ಅದು ಏನು ತಿನ್ನುತ್ತದೆ, ಮಳೆ ಜೋರಾದಾಗ ಎಲ್ಲಿಗೆ ಹೋಗುತ್ತದೆ, ಅದೇ ಪೊದೆಗೆ ಮರುದಿನವೂ ಬರುತ್ತದೆಯೇ? ಇವನ್ನೆಲ್ಲ ನೋಡಿ ತಿಳಿಯುವ ಅವಕಾಶ ನಮ್ಮ ಹಿತ್ತಲಿನಲ್ಲೇ ಇದೆ. ಹಾರ್ಡ್ ಡಿಸ್ಕ್ ತುಂಬಿದಷ್ಟು ತಿಳಿವಳಿಕೆ ತುಂಬಿಲ್ಲ ಎಂದು ಒಪ್ಪಿಕೊಳ್ಳಬೇಕು. ನಾನು ಮಾಡುತ್ತಿರುವುದು ಪಟ್ಟಿಗೆ ಟಿಕ್ ಹಾಕುವ ಕೆಲಸ.

ಇನ್ನು ಹೆಡೆಯ ವಿಷಯ. ನಾಗರಹಾವು ಗದ್ದೆಯ ಅಂಚಿನಲ್ಲಿ ತನ್ನ ಪಾಡಿಗೆ ಹರಿದು ಹೋಗುವ ವಿಡಿಯೊವನ್ನು ನನ್ನ ಚಾನೆಲ್‌ಗೆ ಹಾಕಿದರೆ ನೋಡುವವರಿಲ್ಲ. ಕುತ್ತಿಗೆಯ ಪಕ್ಕೆಲುಬುಗಳನ್ನು ಅಗಲಿಸಿ ಹೆಡೆ ಬಿಚ್ಚಿ ನಿಂತದ್ದನ್ನು ಹಾಕಿದರೆ ಫೋನು ಬಿಡುವಿಲ್ಲದೆ ಮಿಣುಕುತ್ತದೆ. ಆದರೆ ಹೆಡೆ ಹಾವಿನ ದಿನಚರಿಯಲ್ಲ. ಅದು ಬೆದರಿದಾಗ ತೋರಿಸುವ ಎಚ್ಚರಿಕೆ. ಎಂದರೆ ನನಗೆ ಮೆಚ್ಚುಗೆ ತರುವ ಪ್ರತಿ ಚಿತ್ರವೂ ಹಾವು ನನ್ನನ್ನು ಕಂಡು ಹೆದರಿದ ಗಳಿಗೆಯ ಚಿತ್ರ. ಮದುಮಗಳಿಗೆ "ಇತ್ಲಾಗ್ ಕಾಣಿ" ಎಂದರೆ ಆಕೆ ನಕ್ಕು ತಿರುಗುತ್ತಾಳೆ. ಹಾವಿಗೆ ನನ್ನ ಮಾತು ತಿಳಿಯದು. ಅದನ್ನು ನನ್ನತ್ತ ತಿರುಗಿಸಲು ನನಗಿರುವ ದಾರಿ ಅದರ ಭಯ ಒಂದೇ. ಬೂಟಿನ ಸಣ್ಣ ತುಳಿತಕ್ಕೆ ನೆಲ ನಡುಗಿದರೂ ಸಾಕು, ಅದು ತಲೆಯೆತ್ತುತ್ತದೆ. ನಾನು ಕೋಲು ಹಿಡಿಯುವುದಿಲ್ಲ, ಬಾಲ ಮುಟ್ಟುವುದಿಲ್ಲ, ನಿಜ. ಆದರೂ ಕಣ್ಣು ವ್ಯೂಫೈಂಡರಿಗೆ ಅಂಟಿದಾಗ ಮನಸ್ಸಿನೊಳಗೆ ನಡೆಯುವ ಜಪ ಒಂದೇ: ಒಮ್ಮೆ ಹೆಡೆ ಬಿಚ್ಚಲಿ. ಕೈ ಸುಮ್ಮನಿದ್ದರೆ ಸಾಕೇ, ಆ ಆಸೆಗೆ ಲೆಕ್ಕವಿಲ್ಲವೇ ಎಂಬುದು ನನ್ನ ಪ್ರಶ್ನೆ.

ಮಲಬಾರ್ ಗುಳಿಮಂಡಲ ಈ ಆಸೆಯನ್ನು ಇನ್ನೊಂದು ರೀತಿಯಲ್ಲಿ ಪರೀಕ್ಷಿಸುತ್ತದೆ. ಮಳೆಗಾಲದಲ್ಲಿ ಹಳ್ಳದ ಬದಿ ಹುಡುಕಿದರೆ ಹಸಿರು, ಹಳದಿ, ಕಂದು ಎಂದು ಬೇರೆಬೇರೆ ಬಣ್ಣಗಳಲ್ಲಿ ಕಾಣುತ್ತದೆ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವಿನ ಗುಳಿಯಿಂದ ಬೇಟೆಯ ಮೈಬಿಸಿಯನ್ನು ಗುರುತಿಸಬಲ್ಲ ಹಾವು ಇದು. ಕಪ್ಪೆಯೋ ಹಲ್ಲಿಯೋ ಹತ್ತಿರ ಬರಲಿ ಎಂದು ಸುರುಳಿ ಸುತ್ತಿ ಕೂತರೆ ಒಂದೇ ಕೊಂಬೆಯಲ್ಲಿ ದಿನಗಟ್ಟಲೆ ಕೂರುತ್ತದೆ. ವಿಡಿಯೊದಲ್ಲಿ ಅಲುಗುವುದು ಎಲೆಯ ಮೇಲೆ ಬೀಳುವ ಮಳೆಹನಿ ಮಾತ್ರ. ಐದು ನಿಮಿಷ ಕಳೆಯುವಷ್ಟರಲ್ಲಿ ನನಗೆ ಚಡಪಡಿಕೆ ಶುರು. ಹಾವು ಮಾಡುತ್ತಿರುವ ಕೆಲಸವೇ ಕಾಯುವುದು. ಆ ಕಾಯುವಿಕೆಯನ್ನು ತೋರಿಸಲೆಂದೇ ನಾನು ಹೋಗಿರುವುದು. ಆದರೂ ‘ಏನೂ ಸಿಗಲಿಲ್ಲ’ ಎನ್ನುತ್ತಾ ಮನೆಗೆ ಬರುತ್ತೇನೆ. ಎದುರಿಗೇ ಹಾವು ಇದ್ದೂ ಏನೂ ಸಿಗಲಿಲ್ಲ ಎನ್ನುವವನು ನಿಜಕ್ಕೂ ಹುಡುಕಿದ್ದು ಏನನ್ನು?

ಹಾವಿನ ಹೊತ್ತಿಗೆ ಬೆಲೆ ಇದೆ ಎಂಬುದನ್ನು ನಾವು ಯೋಚಿಸುವುದೇ ಇಲ್ಲ. ನಮ್ಮಂತೆ ಉಂಡ ಅನ್ನದಿಂದ ಮೈ ಬಿಸಿ ಇಟ್ಟುಕೊಳ್ಳುವ ಪ್ರಾಣಿಯಲ್ಲ ಅದು. ಬೆಳಗಿನ ಬಿಸಿಲಿನಲ್ಲಿ ಕಾಯಿಸಿಕೊಂಡ ಮೈಯಿಂದಲೇ ಅದರ ಓಟ, ಬೇಟೆ, ಜೀರ್ಣ ಎಲ್ಲ. ಮಳೆ ಬಿಟ್ಟ ಗಳಿಗೆಯಲ್ಲಿ ಬಂಡೆಯ ಮೇಲೆ ಮಲಗಿದ ಹೆಬ್ಬಾವನ್ನೋ ಉಡವನ್ನೋ ನಾನು ಎಬ್ಬಿಸಿ ಓಡಿಸಿದರೆ, ಮತ್ತೆ ಅಂಥ ಬಿಸಿಲು ಬರುವವರೆಗೆ ಅದಕ್ಕೆ ಗತಿಯಿಲ್ಲ. ಹೊಟ್ಟೆ ತುಂಬಾ ನುಂಗಿದ ಹಾವನ್ನು ಕಾಡಿದರೆ ನುಂಗಿದ್ದನ್ನು ಹೊರಗೆ ಹಾಕಿ ಓಡುತ್ತದೆ. ಕೋಳಿ ಕಕ್ಕುವ ಹೆಬ್ಬಾವಿನ ವಿಡಿಯೊಗಳನ್ನು ಜನ ಬಾಯಿಬಿಟ್ಟು ನೋಡುತ್ತಾರೆ; ಅಷ್ಟು ದಿನದ ಊಟ ಹೋಯಿತೆಂಬುದು ಅದರಲ್ಲಿ ಕಾಣುವುದಿಲ್ಲ. ನಾನೂ ಅಂಥವನ್ನು ಕೊನೆಯವರೆಗೆ ನೋಡಿದ್ದೇನೆ, ಎರಡನೇ ಬಾರಿ ಕೂಡ.

ಊರಿನಲ್ಲಿ ನನ್ನನ್ನು ಧೈರ್ಯವಂತ ಎನ್ನುತ್ತಾರೆ. "ನಿಮ್ಗೆ ಮಂಡಿ ಸಮ ಇತ್ತಾ ಮಾರಾಯ್ರೆ?" ಎಂದು ಬೈದವರೇ ಹಿಂದಿನಿಂದ ಹೊಗಳುತ್ತಾರೆ. ನನಗೆ ಹಾವಿನ ಭಯ ಚಿಕ್ಕಂದಿನಿಂದ ಇದೆ, ಈಗಲೂ ಇದೆ. ಉದ್ದದ ಲೆನ್ಸ್ ಕೊಟ್ಟಿರುವ ದೂರವನ್ನು ಜನ ನನ್ನ ಧೈರ್ಯ ಎಂದುಕೊಂಡಿದ್ದಾರೆ, ನಾನು ತಿದ್ದಿಲ್ಲ. ಭಯ ತಪ್ಪಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ಹನ್ನೆರಡು ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಸಿಗುವ ವಿಷಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆಂದು ತಯಾರಾದದ್ದು. ನಾನು ಮೂತಿಗೆ ಮೂತಿ ಕೊಟ್ಟು ಚಿತ್ರ ತೆಗೆಯಲು ಬಯಸುವ ಗುಳಿಮಂಡಲಗಳು ಆ ನಾಲ್ಕರಲ್ಲಿ ಇಲ್ಲ. ಇದು ತಿಳಿದೂ ಹತ್ತಿರ ಹೋಗುವುದನ್ನು ಧೈರ್ಯ ಎಂದರೆ ನೋಡಿ ಕಲಿಯುವ ಹುಡುಗರಿಗೆ ಅದೇ ಪಾಠವಾಗುತ್ತದೆ.

ಭಯದ ಜೊತೆಗೆ ಭಕ್ತಿಯದೂ ಒಂದು ಲೆಕ್ಕವಿದೆ. ನಾನು ನಾಗನನ್ನು ನಂಬುವ ಮನೆಯವ. ಪಂಚಮಿಗೆ ತನು ಹಾಕುವುದು, ಆಶ್ಲೇಷಾ ಬಲಿ, ಅಪರೂಪಕ್ಕೆ ನಾಗಮಂಡಲ. ಇವು ನಮ್ಮ ಸುತ್ತಿನವರಿಗೆಲ್ಲ ಪರಿಚಿತವಾದಂಥವು. ಮಂದಾರ್ತಿಯ ಸ್ಥಳಪುರಾಣದಲ್ಲಿ ಹಾವುಗಳಾಗಿ ಬಂದವರು ನಾಗರಾಜ ಶಂಖಚೂಡನ ಹೆಣ್ಣುಮಕ್ಕಳು. ನಾಗರಹಾವಿನ ಹೆಣ ಕಂಡರೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡುವ ಊರು ನಮ್ಮದು. ನಾಗಬನದೊಳಗೆ ಹಾವು ಕಂಡರೆ ನಾನು ಕ್ಯಾಮೆರಾ ಎತ್ತುವುದಿಲ್ಲ. ಕೈ ಮುಗಿದು ಹಿಂದೆ ಸರಿಯುತ್ತೇನೆ. ಅದೇ ಹಾವು ಬನದ ಪಾಗಾರ ದಾಟಿ ಪಕ್ಕದ ಗದ್ದೆಗೆ ಬಂದರೆ ಓಡಿ ಹೋಗಿ ಎದುರಿಗೆ ಮಂಡಿಯೂರುತ್ತೇನೆ. ನಡುವೆ ಇರುವುದು ಒಂದೂವರೆ ಮೊಳದ ಮುರಕಲ್ಲಿನ ಗೋಡೆ. ನನ್ನ ಸಂಯಮಕ್ಕೆ ಆ ಗೋಡೆಯೇ ಕಾರಣವಾದರೆ ಅದರಲ್ಲಿ ಹಾವಿನ ಮೇಲಿನ ಪ್ರೀತಿ ಎಷ್ಟು, ದೋಷ ತಗಲೀತೆಂಬ ಅಂಜಿಕೆ ಎಷ್ಟು?

ಭಕ್ತಿ ಕೂಡ ಎಲ್ಲ ಹಾವಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ. ನಾಗನಿಗೆ ಹಾಲು, ಕೇರೆಗೆ ದೊಣ್ಣೆ. ಇಲಿ ತಿಂದು ಭತ್ತ ಉಳಿಸುವುದು ಕೇರೆ. ತೋಡಿನಲ್ಲಿ ಮೀನು, ಕಪ್ಪೆ ಹಿಡಿದು ಬದುಕುವ ನೀರೊಳ್ಳೆಗೆ ವಿಷವೇ ಇಲ್ಲ. ಸಾಯುವುದು ಮಾತ್ರ ಇವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹೆಬ್ಬಾವು, ಉಡಗಳು ಮೊದಲೇ ಇದ್ದ ಒಂದನೇ ಅನುಸೂಚಿಗೆ ಆಗ ನಾಗರ, ಕಾಳಿಂಗ, ಕೊಳಕುಮಂಡಲಗಳ ಜೊತೆ ಕೇರೆ, ನೀರೊಳ್ಳೆಗಳೂ ಸೇರಿದವು. ಹುಲಿ ಇರುವ ಪಟ್ಟಿ ಅದು. ಕಾನೂನು ಕೇರೆಯನ್ನು ಹುಲಿಯ ಸಾಲಿನಲ್ಲಿ ಕೂರಿಸಿದೆ, ನನ್ನ ಚಾನೆಲ್ ಕೂರಿಸಿಲ್ಲ. ಕೇರೆಗೆ ಹೆಡೆ ಇಲ್ಲವಲ್ಲ.

ಕೇರೆ ನನಗೂ ಇತರರಿಗೂ ಬೇಕಾಗುವುದು ಒಂದೇ ಸಂದರ್ಭದಲ್ಲಿ. ಎರಡು ಕೇರೆಗಳು ಹಗ್ಗದಂತೆ ಹೆಣೆದುಕೊಂಡು ಮೈಯೆತ್ತಿ ನಿಂತಾಗ. ಅದು ಎರಡು ಗಂಡುಗಳ ನಡುವಿನ ಬಲಪರೀಕ್ಷೆ. ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತಲು ನೋಡುತ್ತದೆ, ಸೋತದ್ದು ಜಾಗ ಬಿಡುತ್ತದೆ. ಆದರೆ ‘ನಾಗರ–ಕೇರೆ ಮಿಲನ, ಅಪರೂಪದ ದೃಶ್ಯ’ ಎಂಬ ತಲೆಬರಹಕ್ಕೆ ಇರುವ ಮಾರುಕಟ್ಟೆ ‘ಎರಡು ಗಂಡು ಕೇರೆಗಳ ಕುಸ್ತಿ’ ಎಂಬುದಕ್ಕಿಲ್ಲ. ಕೇರೆ ಗಂಡು, ನಾಗರ ಹೆಣ್ಣು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಉಡುಪಿಯ ಗುರುರಾಜ ಸನಿಲ್ ಅವರಂಥವರು ಹಾವುಗಳ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದು ಇಂಥ ನಂಬಿಕೆಗಳನ್ನು ಸಡಿಲಿಸಲು ಶ್ರಮಿಸಿದ್ದಾರೆ. ತಲೆಬರಹ ಟೈಪ್ ಮಾಡುವಾಗ ನನ್ನ ಬೆರಳು ತಡವರಿಸುವುದು ಸುಳ್ಳು ಹೇಳಬಾರದೆಂಬ ಸಂಕಟದಿಂದಲ್ಲ, ನಿಜ ಹೇಳಿದರೆ ಜನ ಬರಲಾರರು ಎಂಬ ಸಂಕಟದಿಂದ. ನಿಜವನ್ನೇ ಬರೆಯುತ್ತೇನೆ. ಬರೆದ ಮೇಲೆ ಪಕ್ಕದ ಊರಿನವನ ಸುಳ್ಳು ತಲೆಬರಹಕ್ಕೆ ಎಷ್ಟು ಲಕ್ಷ ವ್ಯೂಸ್ ಬಂತೆಂದು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತೇನೆ.

ಕಾಳಿಂಗದ ಮುಂದೆ ಈ ದೌರ್ಬಲ್ಯಗಳೆಲ್ಲ ಒಟ್ಟಿಗೆ ಏಳುತ್ತವೆ. ಘಟ್ಟದ ಮೇಲೆ ಆಗುಂಬೆಯಲ್ಲಿ ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದು ಮುಖ್ಯವಾಗಿ ಈ ಹಾವಿಗಾಗಿ. 1836ರಿಂದ ಲೋಕದ ಕಾಳಿಂಗಗಳೆಲ್ಲ ಒಂದೇ ಪ್ರಭೇದ ಎಂದು ನಂಬಲಾಗಿತ್ತು. 2024ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರ ಅಧ್ಯಯನ ಅವನ್ನು ನಾಲ್ಕಾಗಿ ವಿಂಗಡಿಸಿತು. ಪಶ್ಚಿಮ ಘಟ್ಟದ್ದಕ್ಕೆ ‘ಓಫಿಯೊಫೇಗಸ್ ಕಾಳಿಂಗ’ ಎಂಬ ಹೆಸರಾಯಿತು. ಹಾವುಗಳಲ್ಲಿ ತರಗೆಲೆ ಗುಡಿಸಿ ಗೂಡು ಕಟ್ಟಿ ಮೊಟ್ಟೆಯಿಡುವುದು ಕಾಳಿಂಗ ಮಾತ್ರ. ಬೇಸಿಗೆಯಲ್ಲಿ ಹೆಣ್ಣು ಸುರುಳಿಯಿಂದ ಎಲೆಗಳನ್ನು ಎಳೆದು ರಾಶಿ ಮಾಡುತ್ತದೆ, ಮೊಟ್ಟೆಯಿಟ್ಟು ಮೇಲೆ ಕಾವಲು ಕೂರುತ್ತದೆ. ಅಂಥ ಗೂಡೊಂದರ ಸುಳಿವು ಸಿಕ್ಕಿತೆಂದರೆ ನನಗೆ ನಿದ್ದೆಯಿಲ್ಲ. ಸರೀಸೃಪದ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದು ಕಾಯ್ದೆಯ ಪ್ರಕಾರ ಬೇಟೆಗೆ ಸಮ. ಅಭಯಾರಣ್ಯದೊಳಗೆ ಚಿತ್ರೀಕರಣಕ್ಕೆ ಅನುಮತಿ ಬೇಕು. ಇವೆಲ್ಲ ಬಾಯಿಪಾಠ ಇವೆ. ಹಾಗಿದ್ದೂ ಮೊದಲು ಬರುವ ಯೋಚನೆ ‘ಇನ್ನಾರಿಗೆ ಗೊತ್ತಾಗಿದೆ?’ ಎಂಬುದು, ‘ಅದು ಸುರಕ್ಷಿತವಾಗಿದೆಯೇ?’ ಎಂಬುದಲ್ಲ. ಜಾಗದ ಗುಟ್ಟನ್ನು ನಾನು ಯಾರಿಗೂ ಹೇಳುವುದಿಲ್ಲ. ಹಾವಿನ ಒಳಿತಿಗೆ ಅದು ಸರಿಯಾದ ನಡೆ. ನನ್ನ ಕಾರಣ ಮಾತ್ರ ಅಷ್ಟು ಶುದ್ಧವಲ್ಲ.

ಕೋಡಿಯ ಕಡಲ ತೀರದಲ್ಲಿ ನನಗೆ ಸ್ವಲ್ಪ ಬುದ್ಧಿ ಬಂದಿದೆ ಎನ್ನಬಹುದು. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆ ಮರಳು ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು ಹೋಗುತ್ತದೆ. ಅರಣ್ಯ ಇಲಾಖೆ, ಮೀನುಗಾರರು, ಊರಿನ ಹುಡುಗರು ಸೇರಿ ಬೇಲಿ ಕಟ್ಟಿ ಕಾಯುತ್ತಾರೆ. ಒಂದೂವರೆ, ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ಮರಿಗೆ ದಾರಿ ತೋರುವುದು ಕಡಲಿನ ಮೇಲಿನ ಮಂದ ಬೆಳಕು. ಟಾರ್ಚ್, ಫ್ಲ್ಯಾಶ್, ರಸ್ತೆಯ ದೀಪ ಯಾವುದು ಉರಿದರೂ ಮರಿ ಆ ಕಡೆ ತಿರುಗಿ ನಡೆಯುತ್ತದೆ. ದೀಪ ಹಾಕಿದರೆ ಚಿತ್ರ ಉಂಟು, ಆಮೆಗೆ ಕಡಲಿಲ್ಲ. ಎರಡರಲ್ಲಿ ಒಂದೇ ಎಂದಾದಾಗ ಆಯ್ಕೆಗೆ ಜಾಗವಿಲ್ಲ. ಕ್ಯಾಮೆರಾ ಚೀಲದಲ್ಲೇ ಇಟ್ಟು ಕತ್ತಲಲ್ಲಿ ಕೂತ ಆ ರಾತ್ರಿಗಳಲ್ಲಿ ನನ್ನ ಜಾಗೃತಿ ಯಾರಿಗೂ ಕಾಣಲಿಲ್ಲ. ಆದರೆ ಆಮೆಯ ಬಗ್ಗೆ ನನಗೆ ತಿಳಿದದ್ದರಲ್ಲಿ ಹೆಚ್ಚಿನದು ಆಗಲೇ ತಿಳಿದದ್ದು.

ಹಾಗಾದರೆ ವಿಡಿಯೊ ಮಾಡುವುದನ್ನು ಬಿಡಬೇಕೇ? ನಾನು ಬಿಡುವವನಲ್ಲ, ಬಿಡುತ್ತೇನೆಂದು ಬರೆದರೆ ಅದು ಈ ಬರಹದ ಮೊದಲ ಸುಳ್ಳಾದೀತು. ಯಾರೂ ನೋಡುವುದಿಲ್ಲ ಎಂದಾದರೂ ಮಳೆಯಲ್ಲಿ ಹೊರಡುತ್ತೇನೆಯೇ ಎಂದು ಕೇಳಿಕೊಂಡರೆ ‘ಇಷ್ಟು ಸಲ ಅಲ್ಲ’ ಎಂಬ ಉತ್ತರ ಬರುತ್ತದೆ. ಮೆಚ್ಚುಗೆಯ ಆಸೆ ಇದೆ, ಇರಲಿ. ಅದನ್ನು ಜಾಗೃತಿ ಎಂದು ಕರೆಯುವುದನ್ನು ಮಾತ್ರ ನಿಲ್ಲಿಸಿದ್ದೇನೆ. ಹಾವು ನನ್ನತ್ತ ತಲೆಯೆತ್ತಿತೆಂದರೆ ನಾನು ಮಿತಿ ಮೀರಿದ್ದೇನೆ ಎಂದೇ ಅರ್ಥ. ಆಗ ಹಿಂದೆ ಸರಿಯಬೇಕು, ಆ ಚಿತ್ರವನ್ನು ಹಾಕಬಾರದು. ಇದು ನಾನು ಕಂಡುಹಿಡಿದ ನೀತಿಯಲ್ಲ. ನಮ್ಮ ಹಿರಿಯರು ನಾಗಬನಕ್ಕೆ ಹಾಕಿಟ್ಟ ಕಟ್ಟಳೆ ಇದೇ: ಕೊಂಬೆ ಕಡಿಯಬೇಡ, ಹುತ್ತ ಮುಟ್ಟಬೇಡ, ಕಂಡರೆ ದಾರಿ ಬಿಡು. ಅದನ್ನು ಪಾಗಾರದ ಹೊರಗಿನ ಕೇರೆಗೂ ಗುಳಿಮಂಡಲಕ್ಕೂ ನೀರೊಳ್ಳೆಗೂ ವಿಸ್ತರಿಸುವುದಷ್ಟೇ ನನ್ನ ಪಾಲಿನ ಕೆಲಸ.

ಓದುವವರ ಪಾಲಿನದೂ ಸ್ವಲ್ಪ ಇದೆ. ಬನಗಳ ಮರ ಕಡಿದು ನೆಲಕ್ಕೆ ಗ್ರಾನೈಟ್ ಹಾಸುವ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು ಬಂದವರಿಗೆ, ಕಲ್ಲಿನ ನಾಗನಷ್ಟೇ ಜೀವಂತ ನಾಗನಿಗೂ ನೆರಳು ಬೇಕೆಂದು ಒಂದು ಮಾತು ಹೇಳಿ. ಅಂಗಳಕ್ಕೆ ಹಾವು ಬಂದರೆ ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದು ದೂರ ನಿಲ್ಲಿ. ಹೆಚ್ಚಿನವು ತಾವಾಗಿಯೇ ಹೋಗುತ್ತವೆ. ಒಳಗೆ ಸೇರಿಕೊಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಯಾರಿಗಾದರೂ ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಹುಡುಕುವುದು ಬೇಡ. ಫೋಟೋಕ್ಕಾಗಿ ಹಾವಿನ ಹಿಂದೆ ಹೋಗುವುದಂತೂ ಬೇಡವೇ ಬೇಡ. 108ಕ್ಕೆ ಕರೆ ಮಾಡಿ, ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ಆಸ್ಪತ್ರೆಗೆ ಹೋಗಿ. ಇನ್ನು ಯಾವುದೇ ವಿಡಿಯೊದಲ್ಲಿ, ನನ್ನದರಲ್ಲೇ ಆಗಲಿ, ಹಾವನ್ನು ಕೆಣಕಿದ್ದು ಕಂಡರೆ ಅದನ್ನು ಮುಂದಕ್ಕೆ ಕಳುಹಿಸಬೇಡಿ, ಅಲ್ಲೇ ಮುಚ್ಚಿಬಿಡಿ. ನೋಡುವವರು ಇಲ್ಲವಾದರೆ ಕೆಣಕುವವರೂ ಕಡಿಮೆಯಾಗುತ್ತಾರೆ. ಮದುವೆ ಹಾಲಿನಲ್ಲಿ ನಾನು ಎಷ್ಟು ಬೇಕಾದರೂ ಕೂಗುತ್ತೇನೆ, ಅಲ್ಲಿ ನನ್ನನ್ನು ಸಹಿಸಿಕೊಳ್ಳಿ. ಹಾಡಿಯಲ್ಲಿ ಕೂಗಿದ್ದು ಕೇಳಿದರೆ ಗದರಿಸಿ ಮನೆಗೆ ಕಳುಹಿಸಿ.